ಬದನೆ ಹೊಲದ ಇಪ್ಪತ್ತನಾಲ್ಕು ಬಟ್ಟಲು

ಐ.ಡಿ.ಹಳ್ಳಿಯಿಂದ ಮೂರು ಕಿಲೋಮೀಟರ್ ಒಳಗಿದ್ದ ಆ ಬದನೆ ಹೊಲ ನಮ್ಮ ಪಟ್ಟಿಯಲ್ಲಿ ಒಂಬತ್ತನೆಯ ಜಾಗ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹನ್ನೆರಡು ಜಾಗ ಆರಿಸಿಕೊಂಡು, ಅಲ್ಲಿನ ಒಂಟಿ ಜೇನುಗಳನ್ನು ಗುರುತಿಸಿ ಪಟ್ಟಿ ಮಾಡುವುದು ಆ ಮಳೆಗಾಲದಲ್ಲಿ ನನಗೆ ವಹಿಸಿದ್ದ ಕೆಲಸ. ಒಂಟಿ ಜೇನುಗಳು ಗೂಡು ಕಟ್ಟಿ ತುಪ್ಪ ಕೂಡಿಡುವವಲ್ಲ. ಒಂದೊಂದು ಹೆಣ್ಣೂ ತನ್ನ ಪಾಡಿಗೆ ನೆಲದಲ್ಲೋ ಮಣ್ಣಿನ ಗೋಡೆಯಲ್ಲೋ ಒಣಗಿದ ಕಡ್ಡಿಯಲ್ಲೋ ಬಿಲ ಮಾಡಿ, ಪರಾಗದ ಉಂಡೆ ಕಟ್ಟಿ, ಅದರ ಮೇಲೆ ಮೊಟ್ಟೆಯಿಟ್ಟು ಮುಚ್ಚುತ್ತದೆ. ಇದನ್ನು ಊರಿನವರಿಗೆ ವಿವರಿಸುವುದೇ ನನಗೆ ಅರ್ಧ ಕೆಲಸವಾಗಿತ್ತು. ಜೇನು ಎಂದೊಡನೆ ಮಧುಗಿರಿ ಕಡೆಯವರು ಬಂಡೆಗೆ ಜೋತುಬಿದ್ದ ಹೆಜ್ಜೇನನ್ನು ತೋರಿಸುತ್ತಿದ್ದರು. ಪಾವಗಡದ ಹತ್ತಿರ ಒಬ್ಬ ಹಿರಿಯರು ನನ್ನ ಬಲೆಯೊಳಗೆ ಇಣುಕಿ, “ಜೇನು ಕಾದಮ್ಮಾ ಇದಿ, ಬರೀ ನೊಣ” ಎಂದು ತೆಲುಗು ಬೆರೆಸಿ, ಇದು ಜೇನೇ ಅಲ್ಲವೆಂದು ನಕ್ಕಿದ್ದರು.

ಪ್ರತಿ ಜಾಗದಲ್ಲೂ ಮಾಡುವ ಕ್ರಮ ಒಂದೇ. ನೂರು ಹೆಜ್ಜೆಯ ಒಂದು ಸಾಲು ಗುರುತು ಮಾಡಿಕೊಂಡು ಅರ್ಧ ಗಂಟೆ ನಿಧಾನವಾಗಿ ನಡೆಯಬೇಕು. ಹೂವಿನ ಮೇಲೆ ಕೂತದ್ದನ್ನೆಲ್ಲ ಬರೆದುಕೊಳ್ಳಬೇಕು. ಆಮೇಲೆ ಅದೇ ಸಾಲಿನಲ್ಲಿ ಇಪ್ಪತ್ತನಾಲ್ಕು ಪುಟ್ಟ ಪ್ಲಾಸ್ಟಿಕ್ ಬಟ್ಟಲು ಇಡಬೇಕು, ಹಳದಿ, ನೀಲಿ, ಬಿಳಿ ಹೀಗೆ ಒಂದರ ನಂತರ ಒಂದು. ಬಟ್ಟಲಲ್ಲಿ ಮುಕ್ಕಾಲು ಭಾಗ ನೀರು, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು. ಬಣ್ಣ ನೋಡಿ ಹೂವೆಂದು ಇಳಿಯುವ ಜೇನು ಸೋಪಿನ ನೀರಿನ ಮೇಲೆ ನಿಲ್ಲಲಾರದೆ ಮುಳುಗುತ್ತದೆ. ಮಾರನೆಯ ದಿನ ಅದೇ ಹೊತ್ತಿಗೆ ಹೋಗಿ ಸೋಸಿ, ತೊಳೆದು, ಸ್ಪಿರಿಟ್ ಇರುವ ಬಾಟಲಿಗೆ ಹಾಕಿ ಚೀಟಿ ಅಂಟಿಸಬೇಕು. ಹದಿನೈದು ದಿನಕ್ಕೊಮ್ಮೆ ಹೀಗೆ ಮೂರು ಸುತ್ತು. ಅಕ್ಕಿಕಾಳಿನಷ್ಟು ಸಣ್ಣ ಜೇನನ್ನು ಹಾರಾಡುವಾಗ ನೋಡಿ ಇಂಥದ್ದೇ ಎಂದು ಹೇಳಲಾಗುವುದಿಲ್ಲ. ರೆಕ್ಕೆಯ ನರ, ಹಿಂಗಾಲಿನ ಕೂದಲು, ನಾಲಿಗೆಯ ಉದ್ದ ಇವನ್ನು ಸೂಜಿಗೆ ಚುಚ್ಚಿ ಮಸೂರದ ಕೆಳಗೆ ನೋಡಿದರೇ ತಿಳಿಯುವುದು. ಒಂದು ಜಾಗದಲ್ಲಿ ಹದಿನೈದೋ ಇಪ್ಪತ್ತೋ ಸಿಗುತ್ತವೆ, ಅಷ್ಟರಿಂದ ಏನೂ ಆಗುವುದಿಲ್ಲ ಎಂದು ನನಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ನಾನೂ ಅದನ್ನೇ ನಂಬಿದ್ದೆ.

ಹೊಲದೊಡತಿ ಐವತ್ತು ದಾಟಿದ ಹೆಂಗಸು. ಕಾಲು ಎಕರೆಯಲ್ಲಿ ಬದನೆ, ಉಳಿದದ್ದರಲ್ಲಿ ಕಡಲೆಕಾಯಿ. ನಾನು ಬಟ್ಟಲು ಇಡುತ್ತಿದ್ದುದನ್ನು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡಿದರು.

“ಏನಮ್ಮ ಇದು, ಕೋಳಿಗೆ ನೀರಿಕ್ಕಿದಂಗೆ ಇಕ್ಕಿದ್ದೀಯ?”

“ಹುಳ ಎಣಿಸೋಕೆ ಅಕ್ಕ.”

“ಎಣಿಸ್ಬುಟ್ಟು?”

“ಯಾವ್ಯಾವ ಜಾತಿ ಇವೆ ಅಂತ ಬರೆದು ಕಳಿಸ್ತೀವಿ.”

ಅವರು ಬದುವಿನ ಕಡೆ ಕೈ ತೋರಿಸಿ, “ಆ ಬದದ ತಾವ ಇಕ್ಕಬೇಡ ಕಣಮ್ಮ” ಎಂದರು. ಯಾರಾದರೂ ಓಡಾಡುವಾಗ ಬಟ್ಟಲು ಒದ್ದಾರು ಎಂದು ಹೇಳುತ್ತಿದ್ದಾರೆಂದುಕೊಂಡೆ. “ಪರವಾಗಿಲ್ಲಕ್ಕ, ಒಂದೆರಡು ಚೆಲ್ಲಿದ್ರೂ ನಡೆಯುತ್ತೆ” ಎಂದೆ. ಅವರು ಕಡಲೆಕಾಯಿ ಸಾಲಿನ ಕಡೆ ಹೋದರು. ಏಕೆಂದು ನಾನು ಕೇಳಲಿಲ್ಲ.

ಅಂದು ಬೆಳಿಗ್ಗೆ ನಡೆದ ಅರ್ಧ ಗಂಟೆಯಲ್ಲಿ ಬದನೆ ಹೂವಿನ ಮೇಲೆ ತಿಳಿನೀಲಿ ಪಟ್ಟಿಗಳ ಜೇನು ಹದಿನಾಲ್ಕು ಸಲ ಕಂಡಿತ್ತು. ಬದನೆ ಹೂವಿನ ಪರಾಗ ಸುಲಭಕ್ಕೆ ಸಿಗುವಂಥದ್ದಲ್ಲ. ಹಳದಿ ಕೊಳವೆಗಳ ಒಳಗೆ ಇರುತ್ತದೆ, ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಈ ಜೇನು ಹೂವನ್ನು ತಬ್ಬಿ ಹಿಡಿದು ಮೈಯನ್ನು ಗುಂಯ್ ಎಂದು ಅದುರಿಸುತ್ತದೆ, ಆಗ ಪರಾಗ ಉದುರುತ್ತದೆ. ಪೆಟ್ಟಿಗೆಯಲ್ಲಿ ಸಾಕುವ ಜೇನಿಗೆ ಈ ವಿದ್ಯೆ ಗೊತ್ತಿಲ್ಲ. ನಾನು ಪುಸ್ತಕದಲ್ಲಿ ಹದಿನಾಲ್ಕು ಸಲವೂ ‘ನೀಲಿ ಪಟ್ಟಿ ಜೇನು’ ಎಂದು ಬರೆದುಕೊಂಡು, ಸಂತೋಷದಿಂದಲೇ ಸ್ಕೂಟಿ ಹತ್ತಿ ಶಿರಾಕ್ಕೆ ಹೋದೆ. ಮುಂದಿನ ಜಾಗದ ಮಾಲೀಕರನ್ನು ಅಲ್ಲಿ ಕಾಣಬೇಕಿತ್ತು.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಹೊಲಕ್ಕೆ ಬಂದೆ. ಮೊದಲನೆಯ ಬಟ್ಟಲು ಹಳದಿಯದು. ದೂರದಿಂದ ಅದು ಕಪ್ಪಗೆ ಕಂಡಿತು. ಎಲೆ ಬಿದ್ದಿರಬೇಕು ಎಂದುಕೊಂಡು ಬಗ್ಗಿದೆ. ನೀರು ಕಾಣುತ್ತಿರಲಿಲ್ಲ. ಜೇನುಗಳು ಒಂದರ ಮೇಲೊಂದು ಬಿದ್ದು ಮೇಲ್ಮೈ ಪೂರ್ತಿ ಮುಚ್ಚಿಹೋಗಿತ್ತು. ಎರಡನೆಯ ನೀಲಿ ಬಟ್ಟಲೂ ಹಾಗೇ ಇತ್ತು. ಮೂರನೆಯದರಲ್ಲಿ ಸ್ವಲ್ಪ ಕಡಿಮೆ. ಬದುವಿನ ಹತ್ತಿರಹತ್ತಿರ ಹೋದಂತೆ ಮತ್ತೆ ಹೆಚ್ಚಿದ್ದವು. ಹನ್ನೆರಡನೆಯ ಬಟ್ಟಲಲ್ಲಿ ಮೇಲೆ ಬಿದ್ದಿದ್ದ ಒಂದು ಜೇನು ಇನ್ನೂ ಮುಂಗಾಲು ಆಡಿಸುತ್ತಿತ್ತು. ಬೆರಳಿನಿಂದ ಎತ್ತಿ ಎಲೆಯ ಮೇಲೆ ಇಟ್ಟೆ. ಅದು ಹಾಗೇ ಪಕ್ಕಕ್ಕೆ ಮಗುಚಿತು.

ಸೋಸುವ ಜಾಲರಿ ಹಿಡಿದುಕೊಂಡು ಒಂದು ಬಟ್ಟಲನ್ನು ಬಗ್ಗಿಸಿದೆ. ಇಳಿದ ನೀರು ಹಳದಿಯಾಗಿತ್ತು. ತಳದಲ್ಲಿ ಅರಿಶಿನದ ಗಸಿಯಂಥದ್ದು ಕೂತಿತ್ತು. ಅವುಗಳ ಹಿಂಗಾಲಲ್ಲಿದ್ದ ಪರಾಗ ಅದು. ಹೊತ್ತುಕೊಂಡು ಬಿಲಕ್ಕೆ ಹೋಗುತ್ತಿದ್ದ ಜೇನುಗಳು. ಗಂಡು ಜೇನು ಪರಾಗ ಹೊರುವುದಿಲ್ಲ. ಹಾಗಾದರೆ ಇಷ್ಟೂ ಹೆಣ್ಣುಗಳು.

ಬದನೆ ಸಾಲಿನ ನಡುವೆ ಕೂತುಬಿಟ್ಟೆ. ಕೂತಲ್ಲೇ ಎಣಿಸತೊಡಗಿದೆ, ಎಣಿಸುವುದೊಂದೇ ನನಗೆ ಗೊತ್ತಿದ್ದ ಕೆಲಸವಾದ್ದರಿಂದ. ಇಪ್ಪತ್ತನಾಲ್ಕು ಬಟ್ಟಲೂ ಸೇರಿ ಮುನ್ನೂರ ನಲವತ್ತಾರು.

ಕಾಯಿ ಬಿಡಿಸಲು ಮಂಕರಿ ಹಿಡಿದು ಬಂದ ಹೊಲದೊಡತಿ ನನ್ನ ಪಕ್ಕ ನಿಂತರು. ಬಿಳಿ ತಟ್ಟೆಯಲ್ಲಿ ಗುಡ್ಡೆ ಹಾಕಿದ್ದ ಜೇನುಗಳನ್ನು ನೋಡಿದರು. ಮಂಕರಿ ಕೆಳಗಿಟ್ಟರು.

“ಇವು ನಮ್ ಬದದ್ವು ಕಣಮ್ಮ” ಎಂದರು.

“ಬದುವಿನಲ್ಲಿ ಇದ್ದವಾ ಅಕ್ಕ?”

“ಬಾ ಇಲ್ಲಿ.”

ಕೊನೆಯ ಬಟ್ಟಲಿನಿಂದ ಎಂಟು ಹತ್ತು ಹೆಜ್ಜೆ, ಅಷ್ಟೇ. ಹೊಂಗೆ ಮರದ ಪಕ್ಕ ಬದುವಿನ ಮೇಲೆ ಗಟ್ಟಿ ನೆಲ. ಅದರ ತುಂಬ ಪೆನ್ಸಿಲ್ ತೂರುವಷ್ಟು ಅಗಲದ ಬಿಲಗಳು, ಪ್ರತಿ ಬಿಲದ ಸುತ್ತ ಹಿಟ್ಟು ಚೆಲ್ಲಿದಂತೆ ನುಣ್ಣನೆ ಮಣ್ಣು. ಹಿಂದಿನ ದಿನ ಬಿಸಿಲು ಬೀಳುವ ಮುನ್ನ ನಾನು ಅದರ ಮೇಲೇ ನನ್ನ ಚೀಲ ಇಟ್ಟಿದ್ದೆ. ಇರುವೆಯ ಬಿಲವೆಂದು ಒಮ್ಮೆ ನೋಡಿ ಬಿಟ್ಟಿದ್ದೆ.

“ನೆನ್ನೆ ಬಿಸ್ಲೇರಿದ್ ಮ್ಯಾಕೆ ಇಲ್ಲಿ ಕಾಲಿಕ್ಕಕ್ಕಾಗ್ತಿರ್ಲಿಲ್ಲ, ಅಂಗೆ ಆಡ್ತಿದ್ವು. ದನ ಈ ಕಡೆ ಒಡ್ಕಂಡ್ ಬರಲ್ಲ ನಾವು. ನಮ್ಮೆಜಮಾನ್ರು ಬದ ಅಗ್ದು ಸಣ್ಣದ್ ಮಾಡ್ತೀನಿ ಅಂದ್ರು, ನಾನೇ ಬ್ಯಾಡ ಅಂದೆ. ಇವು ಇದ್ ವರ್ಸ ಕಾಯಿ ಕಚ್ತವೆ. ಇಲ್ದಿದ್ ವರ್ಸ ಊವೆಲ್ಲ ಉದುರೋಗ್ತವೆ.”

“ನಿನ್ನೆ ಬದದ ಹತ್ತಿರ ಇಡಬೇಡ ಅಂದಿದ್ದು ಇದಕ್ಕೇನಾ?”

“ಇನ್ಯಾತಕ್ಕೆ?” ಅವರು ಮತ್ತೆ ಹೇಳಿದರು, “ನೀನು ಎಣಿಸೋಕೆ ಅಂದೆ. ಸಾಯ್ಸಿ ಎಣಿಸ್ತೀನಿ ಅನ್ನಲಿಲ್ಲ.”

ದನಿ ಏರಿಸಿರಲಿಲ್ಲ. ಮಂಕರಿ ಎತ್ತಿಕೊಂಡು ಹೋಗಿ ಕಾಯಿ ಬಿಡಿಸತೊಡಗಿದರು. ಮೊದಲ ದಿನ ಹೋದೊಡನೆ ನೀರು ಕೊಟ್ಟಿದ್ದ ಹೆಂಗಸು ಆ ದಿನ ಕೊಡಲಿಲ್ಲ.

ಬಟ್ಟಲುಗಳನ್ನೆಲ್ಲ ಎತ್ತಿ, ನೀರನ್ನು ರಸ್ತೆಯ ಪಕ್ಕದ ಚರಂಡಿಗೆ ಚೆಲ್ಲಿ ಬಂದೆ. ಒಂದು ಜೇನನ್ನು ಅಂಗೈಯಲ್ಲಿಟ್ಟುಕೊಂಡು ಮಸೂರ ಹಿಡಿದೆ. ಅಲ್ಲಿ ಇನ್ನೊಂದು ಪೆಟ್ಟು ಕಾದಿತ್ತು. ನೀಲಿ ಪಟ್ಟಿ ಜೇನಿನ ಪಟ್ಟಿ ಎಂದರೆ ಬಣ್ಣದ ಕೂದಲು, ಸೂಜಿಯಿಂದ ಕೆರೆದರೆ ಉದುರುತ್ತದೆ. ಇದರದ್ದು ಉದುರಲಿಲ್ಲ. ಪಟ್ಟಿ ಮೈಚಿಪ್ಪಿನಲ್ಲೇ ಇತ್ತು, ಕಪ್ಪೆಚಿಪ್ಪಿನ ಒಳಮೈಯಂತೆ ಹೊಳೆಯುತ್ತಿತ್ತು. ಇದು ಬೇರೆಯೇ ಕುಟುಂಬದ ಜೇನು. ನೆಲದಲ್ಲಿ ನೂರಾರು ಒಟ್ಟಿಗೆ ಬಿಲ ತೋಡುವ ಅಭ್ಯಾಸ ಇದರದ್ದು. ಹಿಂದಿನ ದಿನ ಜೀವಂತ ಇದ್ದಾಗಲೇ ಸರಿಯಾಗಿ ಗುರುತಿಸಿದ್ದರೆ ನೆಲ ನೋಡುತ್ತಿದ್ದೆ. ನೆಲ ನೋಡಿದ್ದರೆ ಬಟ್ಟಲು ಇಡುತ್ತಿರಲಿಲ್ಲ.

ಹೊಲದೊಡತಿಗೆ ಇದನ್ನು ಹೇಳಿದೆ, ತಪ್ಪೊಪ್ಪಿಗೆಯಂತೆ. ಅವರು ತಲೆ ಎತ್ತದೆ, “ಒಂದೇ ತಾವ ಗಾಳೀಲಿ ನಿಂತ್ಕಂಡು, ಸರಕ್ ಅಂತ ಓಡೋಗೋದು ಬೇರೆ. ಅದು ನಮ್ ಕೊಟ್ಟಿಗೆ ಗ್ವಾಡೇಲಿ ಐತೆ. ಇದು ಬೇರೆ” ಎಂದರು. ನೀಲಿ ಪಟ್ಟಿ ಜೇನು ಹಾರುವ ರೀತಿ ಅದೇ. ನನ್ನ ಕೈಪಿಡಿಯಲ್ಲಿ ಅರ್ಧ ಪುಟ ಇದ್ದುದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು.

ಮಧುಗಿರಿಯ ಬಾಡಿಗೆ ಕೋಣೆಗೆ ಬಂದು ನನ್ನ ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಫೋಟೊ ಮೊದಲೇ ಕಳಿಸಿದ್ದೆ.

“ಕ್ರಮದ ಪ್ರಕಾರ ನೀವು ತಪ್ಪು ಮಾಡಿಲ್ಲ” ಎಂದರು ಅವರು.

“ಕ್ರಮದ ಪ್ರಕಾರವೇ ಇದು ಆಗಿದ್ದು ಮೇಡಂ.”

“ಇನ್ನೆರಡು ಸುತ್ತು ಬಟ್ಟಲು ಇಡದಿದ್ದರೆ ಆ ಜಾಗ ಲೆಕ್ಕಕ್ಕೆ ಬರೋದಿಲ್ಲ. ಹನ್ನೆರಡರಲ್ಲಿ ಒಂದು ಕಡಿಮೆಯಾದರೆ ಇಡೀ ಹೋಲಿಕೆ ಸಡಿಲವಾಗುತ್ತೆ, ಗೊತ್ತಲ್ಲ?”

ಗೊತ್ತಿತ್ತು. ಆ ಕೆಲಸ ಮುಗಿಸಿ ವರದಿ ಕೊಟ್ಟರೇ ನನ್ನ ಗುತ್ತಿಗೆ ಮುಂದುವರಿಯುತ್ತದೆ ಎಂಬುದೂ ಗೊತ್ತಿತ್ತು. “ನಾನು ಅಲ್ಲಿ ಇನ್ನು ಬಟ್ಟಲು ಇಡೋದಿಲ್ಲ ಮೇಡಂ. ಬೇರೆ ಯಾರನ್ನಾದರೂ ಕಳಿಸಿದರೆ ಆ ಅಕ್ಕನಿಗೆ ಹೇಳಿಯೇ ಕಳಿಸಿ. ನಾನು ಬಿಲ ಎಣಿಸ್ತೀನಿ. ಹೂವಿನ ಮೇಲೆ ನೋಡಿ ಎಣಿಸ್ತೀನಿ. ಉಳಿದ ಮೂರು ಜಾಗದಲ್ಲೂ ಹಾಗೇ ಮಾಡ್ತೀನಿ.”

“ಯೋಚನೆ ಮಾಡಿ ಹೇಳ್ತೀನಿ” ಎಂದು ಫೋನಿಟ್ಟರು. ಬೇಡ ಎನ್ನಲಿಲ್ಲ.

ಮಾರನೆಯ ದಿನ ಪೊರಕೆ ಕಡ್ಡಿಗಳನ್ನು ಬೆರಳುದ್ದ ಕತ್ತರಿಸಿ, ತುದಿಗೆ ಟೇಪು ಸುತ್ತಿ, ಅಂಕಿ ಬರೆದುಕೊಂಡು ಹೋದೆ. ಪ್ರತಿ ಬಿಲದ ಪಕ್ಕ ಒಂದೊಂದು ಚುಚ್ಚುತ್ತ ಬಂದೆ. ಐನೂರ ಹನ್ನೆರಡು ಬಿಲಗಳಾದವು. ಬಿಸಿಲು ಬದುವಿಗೆ ತಾಗುವುದು ಎಂಟೂವರೆಗೆ. ಆಗಿನಿಂದ ಮಧ್ಯಾಹ್ನದವರೆಗೆ ಕೂತು, ಯಾವ ಬಿಲದಿಂದ ಜೇನು ಹೊರಟಿತು, ಯಾವುದಕ್ಕೆ ಮರಳಿತು ಎಂದು ಗುರುತು ಹಾಕಿದೆ. ಮೊದಲ ದಿನ ಹೊಲದೊಡತಿ ದೂರದಲ್ಲೇ ಕಳೆ ತೆಗೆಯುತ್ತಿದ್ದರು. ಎರಡನೆಯ ದಿನ ಹತ್ತಿರ ಬಂದು ನಿಂತು, “ಆ ಮೂಲೇಲಿರೋದು ಬಿಲ ಅಲ್ಲ, ಗೊದ್ದದ್ದು. ಕಡ್ಡಿ ಕಿತ್ತಾಕು” ಎಂದರು. ಗೊದ್ದವೆಂದರೆ ಕಪ್ಪು ದೊಡ್ಡ ಇರುವೆ. ಕಿತ್ತು ಹಾಕಿದೆ. ಅವರು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಆ ತುದಿಯಿಂದ ನೋಡತೊಡಗಿದರು. “ಎಪ್ಪತ್ತೊಂದಕ್ಕೆ ಓಯ್ತು,” “ತೊಂಬತ್ತಾರರಿಂದ ಬಂತು” ಎಂದು ಕೂಗುತ್ತಿದ್ದರು, ನಾನು ಬರೆಯುತ್ತಿದ್ದೆ.

ಮೂರು ದಿನ ನೋಡಿದ ಮೇಲೆ ಜೇನು ಹೋಗಿಬಂದದ್ದು ನೂರ ಮೂವತ್ತೇಳು ಬಿಲಗಳಿಗೆ ಮಾತ್ರ. ಮೊದಲು ಎಷ್ಟಕ್ಕೆ ಹೋಗಿಬರುತ್ತಿದ್ದವೋ ನನಗೆ ಗೊತ್ತಿಲ್ಲ. ಮೊದಲು ನಾನು ಎಣಿಸಿರಲಿಲ್ಲ.

ಅವರ ಒಪ್ಪಿಗೆ ಕೇಳಿ, ಮೂರು ದಿನವೂ ಯಾರೂ ಬಾರದ ಒಂದು ಬಿಲವನ್ನು ತೆರೆದೆ. ಕೊಳವೆಯಲ್ಲಿ ಸುಣ್ಣದ ಪುಡಿ ಊದಿ, ಆ ಬಿಳಿ ಗೆರೆ ಹಿಡಿದು ಚಾಕುವಿನಿಂದ ಮಣ್ಣು ಬಿಡಿಸುತ್ತ ಹೋದೆ. ಒಂದೂವರೆ ಗೇಣು ಆಳದಲ್ಲಿ ಸಣ್ಣ ಸಣ್ಣ ಗುಳಿಗಳು. ನಾಲ್ಕು ಮುಚ್ಚಿದ್ದವು. ಐದನೆಯದು ಬಾಯಿ ತೆರೆದಿತ್ತು, ಒಳಗೆ ಸಾಸಿವೆ ಕಾಳಿನಷ್ಟು ಪರಾಗ, ಅರ್ಧ ಕಟ್ಟಿದ ಉಂಡೆ. ಮೊಟ್ಟೆ ಇರಲಿಲ್ಲ.

“ಮುಚ್ಚಿರೋದ್ರಲ್ಲಿ ಮರಿ ಅವೆಯಾ?” ಎಂದು ಕೇಳಿದರು.

“ಇರಬೇಕು ಅಕ್ಕ. ಅವಕ್ಕೆ ತಾಯಿ ಬೇಕಾಗಲ್ಲ. ಊಟ ಒಳಗೇ ಇದೆ.”

“ಅಂಗಾದ್ರೆ ಮಣ್ಣು ಮುಚ್ಚು. ಬಿಸ್ಲು ಬೀಳ್ತೈತೆ.”

ಮುಚ್ಚಿದೆ. ಅವರು ಅಂಗೈಯಿಂದ ಮೆಲ್ಲಗೆ ತಟ್ಟಿ ಗಟ್ಟಿ ಮಾಡಿದರು.

ಆಮೇಲಿನ ಹದಿನೈದು ದಿನ ಬದನೆ ಹೂ ಉದುರಿದವು. ವಾರಕ್ಕೆರಡು ಸಲ ಹೋಗಿ ಹೂವಿನ ಮೇಲಿನ ಜೇನು ಎಣಿಸುವಾಗ ಉದುರಿದ ನೇರಳೆ ಹೂಗಳನ್ನು ತುಳಿದೇ ನಡೆಯಬೇಕಿತ್ತು. ಅಷ್ಟರಲ್ಲಿ ಮೇಲ್ವಿಚಾರಕಿಯಿಂದ ಹೊಸ ಸೂಚನೆ ಬಂತು. ಇನ್ನು ಮುಂದೆ ಮೊದಲು ಸುತ್ತಲಿನ ನೆಲ ನೋಡುವುದು, ಆ ಜಾಗದವರನ್ನು ಕೇಳುವುದು, ಬಿಲಗಳಿದ್ದರೆ ಬಟ್ಟಲು ಇಡದಿರುವುದು.

ಐದು ವಾರ ಕಳೆದಿತ್ತು. ಕೊರಟಗೆರೆಯ ಕಡೆ ಒಂದು ಹುಣಸೆ ತೋಪಿನಲ್ಲಿದ್ದಾಗ ಹೊಲದೊಡತಿಯ ಫೋನ್ ಬಂತು.

“ಬಂದವೆ ಕಣಮ್ಮ.”

“ಎಷ್ಟಿವೆ ಅಕ್ಕ?”

“ನಾನೇನ್ ಎಣಿಸಿದ್ದೀನಾ? ಬಂದು ನೋಡು.”

ಮಾರನೆಯ ಬೆಳಿಗ್ಗೆ ಇಬ್ಬರೂ ಕೂತು ಎಣಿಸಿದೆವು. ಹೊಸದಾಗಿ ತೆರೆದ ಬಿಲಗಳೂ ಸೇರಿ ಇನ್ನೂರು ದಾಟಿತು. ಬಿಲದ ಬಾಯಲ್ಲಿ ಪುಟ್ಟ ತಲೆಯೊಂದು ಕಾಣುವುದು, ಬಿಸಿಲು ನೋಡುವುದು, ಹಿಂದಕ್ಕೆ ಸರಿಯುವುದು, ಮತ್ತೆ ಬರುವುದು. ಅವರು ಆ ದಿನ ಚೊಂಬಿನಲ್ಲಿ ನೀರು ತಂದು ನನ್ನ ಪಕ್ಕ ಇಟ್ಟರು. ನಾನು ಹಗುರಾಗಿ ಮನೆಗೆ ಬಂದೆ. ಆಗಬಾರದ್ದು ಆಯಿತು, ಹೇಗೋ ಉಳಿಯಿತು, ನಾನು ಪಾಠ ಕಲಿತೆ ಎಂದುಕೊಂಡೆ.

ಹಂಗಾಮು ಮುಗಿಯುವ ಹೊತ್ತಿಗೆ ಮೇಲ್ವಿಚಾರಕಿ ಮಧುಗಿರಿಗೆ ಬಂದರು. ಸೂಜಿ ಚುಚ್ಚಿಟ್ಟ ಜೇನುಗಳ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು ಹೆಸರು ಸರಿನೋಡುವುದಕ್ಕೆ. ಬದನೆ ಹೊಲದ ತಪ್ಪನ್ನು ಹೇಳಿಯಾಗಿತ್ತು, ಅದರ ಚೀಟಿಗಳನ್ನೆಲ್ಲ ಬದಲಿಸಿದ್ದೆ. ಅವರು ಕನ್ನಡಕ ಸರಿಪಡಿಸಿಕೊಂಡು, “ಬೇರೆ ಕಡೆ ‘ನೀಲಿ ಪಟ್ಟಿ’ ಅಂತ ಬರೆದಿದ್ದೀರಲ್ಲ, ಅವನ್ನು ಮತ್ತೆ ನೋಡಿದ್ರಾ?” ಎಂದು ಕೇಳಿದರು.

ನೋಡಿರಲಿಲ್ಲ.

ಬರಗೂರಿನ ಪೆಟ್ಟಿಗೆ ತೆರೆದೆವು. ಅದು ಆರನೆಯ ಜಾಗ, ಒಂದು ಕಡಲೆಕಾಯಿ ಹೊಲದ ಅಂಚು, ಪಕ್ಕದಲ್ಲಿ ಟೊಮೆಟೊ. ಹಂಗಾಮಿನ ಆರಂಭದಲ್ಲೇ ಅಲ್ಲಿ ಹದಿನೈದು ದಿನಕ್ಕೊಮ್ಮೆಯಂತೆ ಮೂರು ಸುತ್ತೂ ಮುಗಿಸಿದ್ದೆ. ಪೆಟ್ಟಿಗೆಯಲ್ಲಿ ಸಾಲಾಗಿ ಒಂದೇ ಬಗೆಯ ಜೇನು, ಎಲ್ಲದರ ಕೆಳಗೂ ನನ್ನ ಕೈಬರಹದ ಚೀಟಿ. ಮೇಲ್ವಿಚಾರಕಿ ಒಂದರ ಪಟ್ಟಿಯನ್ನು ಸೂಜಿಯಿಂದ ಕೆರೆದರು. ಉದುರಲಿಲ್ಲ. ಇನ್ನೊಂದು. ಅದೂ ಉದುರಲಿಲ್ಲ. ಎಲ್ಲವೂ ಹೆಣ್ಣು.

“ರಿಜಿಸ್ಟರ್ ಕೊಡಿ” ಎಂದರು.

ಬರಗೂರಿನ ಪುಟ ತೆಗೆದುಕೊಟ್ಟೆ. ಮೊದಲ ಸುತ್ತಿನಲ್ಲಿ ಅರವತ್ತೊಂದು. ಪಕ್ಕದಲ್ಲಿ ನಾನು ‘ಸಮೃದ್ಧ’ ಎಂದು ಬರೆದು ಅಡಿಗೆರೆ ಎಳೆದಿದ್ದೆ. ಎರಡನೆಯ ಸುತ್ತಿನಲ್ಲಿ ಹತ್ತೊಂಬತ್ತು. ಮೂರನೆಯದರಲ್ಲಿ ಎರಡು. ಮೂರನೆಯದರ ಮುಂದೆ ಕಾರಣದ ಜಾಗದಲ್ಲಿ ‘ಮೋಡ ಕವಿದಿತ್ತು’ ಎಂದಿತ್ತು.

ಅರವತ್ತೊಂದು, ಹತ್ತೊಂಬತ್ತು, ಎರಡು. ಆ ಪುಟವನ್ನು ನಾನೇ ಬರೆದಿದ್ದೆ, ನಾನೇ ಕಂಪ್ಯೂಟರಿಗೆ ಹಾಕಿದ್ದೆ, ಎರಡು ಸಲ ಸರಿನೋಡಿದ್ದೆ. ನೋಡಿದ್ದು ಕೂಡಿಕೆ ಸರಿಯಿದೆಯೇ ಎಂದು ಮಾತ್ರ. ಅಲ್ಲಿ ನನಗೆ ಬದು ತೋರಿಸುವವರು ಯಾರೂ ಇರಲಿಲ್ಲ.

ಮೇಲ್ವಿಚಾರಕಿ ಪೆಟ್ಟಿಗೆಯ ಮುಚ್ಚಳ ಹಾಕಿದರು. “ಈ ಕ್ರಮ ಬರೆದುಕೊಟ್ಟವಳು ನಾನು” ಎಂದರು, ಅಷ್ಟೇ.

ಮರುದಿನ ಶಿರಾಕ್ಕೆ ಹೋಗಿ, ಅಲ್ಲಿಂದ ಬರಗೂರಿನ ಬಸ್ ಹಿಡಿದೆ. ಹೊಲದ ಮಾಲೀಕರು ಗುರುತು ಹಿಡಿದು, “ಏನ್ ಮೇಡಂ, ಮತ್ತೆ ಬಟ್ಲು ಇಕ್ತೀರಾ?” ಎಂದರು. ಇಲ್ಲವೆಂದೆ. ಬಟ್ಟಲು ಇಟ್ಟಿದ್ದ ಸಾಲಿನ ಎರಡೂ ಬದಿ ಬಗ್ಗಿ ನಡೆಯುತ್ತ ಹೋದೆ. ಬಂಡಿದಾರಿಯ ಪಕ್ಕ, ಟೊಮೆಟೊ ಪಟ್ಟೆಗೆ ತಾಗಿದ ಗಟ್ಟಿ ನೆಲದಲ್ಲಿ ಅವು ಸಿಕ್ಕವು. ಬಾಯಿ ಸವೆದ ಬಿಲಗಳು, ಕೆಲವಕ್ಕೆ ಜೇಡರ ಬಲೆ, ಹೆಚ್ಚಿನವಕ್ಕೆ ದೂಳು ತುಂಬಿತ್ತು.

“ಇಲ್ಲಿ ಹುಳ ಆಡ್ತಿದ್ವಾ ಸಾರ್?”

“ಊಂ, ಮಳೆ ಸುರು ಆದಾಗ ಸ್ಯಾನೆ ಆಡ್ತಿದ್ವು. ಆಮ್ಯಾಕೆ ಕಾಣ್ಲಿಲ್ಲ. ಎಲ್ಲೋದ್ವೋ ಯಾರಿಗ್ ಗೊತ್ತು?”

ಎಂಟೂವರೆಯಿಂದ ಹನ್ನೆರಡರವರೆಗೆ ಅಲ್ಲಿ ಕೂತೆ. ಮಾರನೆಯ ದಿನವೂ ಬಂದು ಕೂತೆ. ಆಕಾಶದಲ್ಲಿ ಮೋಡವಿರಲಿಲ್ಲ. ಯಾವ ಬಿಲದಿಂದಲೂ ಏನೂ ಹೊರಗೆ ಬರಲಿಲ್ಲ. ಹಂಗಾಮು ಮುಗಿದಿರಬಹುದು, ಬಂಡಿ ಹರಿದು ನೆಲ ಅಮುಕಿರಬಹುದು, ನೀರು ನಿಂತಿರಬಹುದು. ಇವೆಲ್ಲ ಸಾಧ್ಯ. ಐ.ಡಿ.ಹಳ್ಳಿಯ ಬದುವಿನಲ್ಲಿ ಅದೇ ವಾರ ಅವು ಇನ್ನೂ ಹಾರಾಡುತ್ತಿದ್ದವು.

ಹೊಲದ ಮಾಲೀಕರಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು ಬಗ್ಗಿ ಒಂದು ಬಿಲದ ಬಾಯಿಯ ದೂಳನ್ನು ಬೆರಳಿನಿಂದ ಸರಿಸಿ ನೋಡಿದರು.

ರಿಜಿಸ್ಟರನ್ನು ಜೊತೆಯಲ್ಲೇ ತಂದಿದ್ದೆ. ಬರೆದದ್ದನ್ನು ತಿದ್ದುವಾಗ ಹಳೆಯದು ಓದಲು ಬರುವಂತೆ ಒಂದೇ ಗೆರೆ ಹೊಡೆಯಬೇಕು, ತಿದ್ದಿದವರು ಸಹಿ ಹಾಕಬೇಕು ಎಂಬುದು ನಮ್ಮ ನಿಯಮ. ಬಂಡಿದಾರಿಯ ಪಕ್ಕ ಕೂತು ಬರಗೂರಿನ ಪುಟ ತೆರೆದೆ. ‘ಮೋಡ ಕವಿದಿತ್ತು’ ಎಂಬುದರ ಮೇಲೆ ಒಂದು ಗೆರೆ ಎಳೆದೆ. ಮೇಲೆ ಸಣ್ಣ ಅಕ್ಷರದಲ್ಲಿ ‘ಹಿಂದಿನ ಎರಡು ಸುತ್ತಿನಲ್ಲಿ ನಾನೇ ಹಿಡಿದು ಮುಗಿಸಿರಬಹುದು’ ಎಂದು ಬರೆದು, ಸಹಿ ಹಾಕಿದೆ.